ಹಬೆಕೋಣೆಯ ಹತ್ತು ನಿಮಿಷ

ಬುಟ್ಟಿಯಿಂದ ಕೋಳಿಮರಿಯೊಂದನ್ನು ತೆಗೆದು ಬಸಿಲ್ಯಾ ತನ್ನ ಅಣ್ಣ ಕ್ರಿಸ್ಪುಲೊನ ಶವಪೆಟ್ಟಿಗೆಯ ಗಾಜಿನ ಮೇಲೆ ಬಿಟ್ಟಳು. ಮುಂದೆ ಒಂದಿಷ್ಟು ಅಕ್ಕಿನುಚ್ಚು ಚೆಲ್ಲಿದಳು. ಸಾವಿನ ಮನೆಯ ರೂಢಿಯಂತೆ ಅಂಗಳದಲ್ಲಿ ಇಸ್ಪೀಟು ಹಂಚುತ್ತಿದ್ದ ಗಂಡಸರ ಕೈ ನಿಂತಿತು.

ಗಿಮರಾಸ್ ದ್ವೀಪದಲ್ಲಿ ಎಲ್ಲ ಸಾವಿಗೂ ಮರಿ ಬಿಡುವುದಿಲ್ಲ. ಯಾರೋ ಕೊಂದ ಸಾವಿಗೆ ಮಾತ್ರ. ಮರಿ ಗಾಜನ್ನು ಕುಕ್ಕಿದಷ್ಟೂ ಕೊಂದವನ ಎದೆಯನ್ನು ಕುಕ್ಕುತ್ತದೆಂದು ನಂಬಿಕೆ.

"ಇದೇನೇ ಬಸಿಲ್ಯಾ? ಎದೆ ನಿಂತು ಹೋದೋರು ಅವರು," ಎಂದಳು ಸತ್ತವನ ಹೆಂಡತಿ ನಿಯೆವೆಸ್.

"ಎದೆ ತಾನಾಗೇ ನಿಲ್ಲತ್ತಾ ಅತ್ಗೆ? ಯಾರು ನಿಲ್ಸಿದ್ರು ಅಂತ ಮರಿ ಹೇಳತ್ತೆ, ಬಿಡು."

ಎಲ್ಲರ ಕಣ್ಣೂ ಬಾಗಿಲಿಗೆ ಹೋಯಿತು. ಮಾವಿನಹಣ್ಣು ಕಟ್ಟುವ ಶೆಡ್ಡಿನ ಮೇಸ್ತ್ರಿ ಡೆಲ್ಫಿನ್ ಕಾಫಿ ಲೋಟ ಹಿಡಿದು ಅಲ್ಲಿ ನಿಂತಿದ್ದ. ಅವನಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ.

"ಬಿಸ್ಕತ್ತೂ ತಗೋ ಮೇಸ್ತ್ರಿ," ಎಂದಳು ಅದೇ ಶೆಡ್ಡಿನಲ್ಲಿ ಹಣ್ಣು ಜಜ್ಜದಿರಲೆಂದು ಬಲೆ ತೊಡಿಸುವ ಲೂರಿಂಗ್. "ಗಂಟ್ಲಲ್ಲಿ ಇಳಿಯತ್ತೋ ಇಲ್ವೋ ನೋಡೋಣ."

ಯಾರೋ ಕಿಸಕ್ಕೆಂದರು.

"ಲಾರಿ ಕಾಯ್ತಿತ್ತು. ಬೇಗ ಆಗ್ಲಿ ಅಂದೆ, ಅಷ್ಟೇ," ಎಂದ ಡೆಲ್ಫಿನ್.

"ಅಷ್ಟೇನಾ?" ಬಸಿಲ್ಯಾ ಎದ್ದು ಬಂದಳು. "ಮುದುಕಾ, ತೂಕಡಿಸೋಕೆ ಬಂದಿದ್ಯಾ ಅಂತ ನಾಲ್ಕು ಜನರ ಮುಂದೆ ಅಂದೋರ್ಯಾರು? ಬಾಗ್ಲು ತೆಗೆದ ತಕ್ಷಣ ಆ ಕುಲುಮೆಯಂಥ ಹಬೆಕೋಣೆ ಒಳಗೆ ಕ್ರೇಟು ಎಳೆಯೋಕೆ ಕಳ್ಸಿದ್ಯಾರು? ನಮ್ಮಣ್ಣ ಅಲ್ಲೇ ಬಿದ್ದ. ಮರಿ ಪೆಟ್ಟಿಗೆ ಮೇಲೇ ಚರ್ಚಿಗೆ ಬರತ್ತೆ, ಊರು ನೋಡ್ಲಿ. ಆಮೇಲೆ ಪೊಲೀಸ್ನೋರು ನೋಡ್ಕೋತಾರೆ."

ಡೆಲ್ಫಿನ್‌ನ ನೋಟ ಕಾಫಿ ಲೋಟಕ್ಕೆ ಇಳಿಯಿತು. ಅದನ್ನೂ ಜನ ಗುರುತು ಹಾಕಿಕೊಂಡರು.

*

ಇಪ್ಪತ್ತೆರಡು ಹಂಗಾಮು ಕ್ರಿಸ್ಪುಲೊ ಮಾಡಿದ್ದು ಒಂದೇ ಕೆಲಸ. ಹಬೆಕೋಣೆಗೆ ಹೋಗುವ ರಾಶಿಯಲ್ಲಿ ಅತಿ ದಪ್ಪ ಹಣ್ಣುಗಳನ್ನು ಆರಿಸಿ, ಶಾಖ ಅಳೆಯುವ ಸೂಜಿಯನ್ನು ಓಟೆಯ ತನಕ ಚುಚ್ಚುವುದು. ದಪ್ಪ ಹಣ್ಣಿನ ನಡುವೆ ನಲವತ್ತಾರು ಡಿಗ್ರಿ ಬಂದರೆ ಉಳಿದವಕ್ಕೂ ಬಂದಂತೆ. ಅಲ್ಲಿಂದ ಹತ್ತು ನಿಮಿಷ ಬಾಗಿಲು ತೆಗೆಯುವಂತಿಲ್ಲ. ಆಗ ನೊಣದ ಮೊಟ್ಟೆಯೊಂದೂ ಒಳಗೆ ಉಳಿಯದು. ಕಡಲಾಚೆಯವರು ನಂಬಿ ತಿಂದಾರು.

"ಸಣ್ಣ ಹಣ್ಣಿಗೆ ಚುಚ್ಚೋ, ಬೇಗ ಮನೆಗೆ ಹೋಗ್ಬೋದು," ಎಂದು ಜೊತೆಯವರು ಕಿಚಾಯಿಸುತ್ತಿದ್ದರು. ಅವನು ಗಡಿಯಾರವನ್ನೇ ಪೂರ್ತಿ ನಂಬುವವನಲ್ಲ. ಬಾಗಿಲಿಗೆ ಬೆನ್ನುಕೊಟ್ಟು ನಿಂತು ಜಪಮಾಲೆಯ ಮೂವತ್ತು ಮಣಿಗಳನ್ನು ನಿಧಾನವಾಗಿ ಸರಿಸುತ್ತಿದ್ದ. "ದೇವಮಾತೆಗೆ ಅವಸರ ಇಲ್ಲಪ್ಪ," ಎನ್ನುತ್ತಿದ್ದ.

*

ಹೋದ ತಿಂಗಳು ಒಂದು ಮುಂಜಾನೆ ಅವನು ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದ.

"ಎದೆ ಮೇಲೆ ಯಾರೋ ಕೂತಂಗಾಗತ್ತೆ ಕಣೇ."

"ದೋಣಿ ಹತ್ತಿ ಆಸ್ಪತ್ರೆಗೆ ಹೋಗೋಣ. ಮೇಸ್ತ್ರಿಗೆ ನಾನು ಹೇಳ್ತೀನಿ."

"ಹೇಳಿದ್ರೆ ನಾಳೆಯಿಂದ ಸೂಜಿ ಬೇರೆಯವ್ನ ಕೈಗೆ ಹೋಗತ್ತೆ. ಅವ್ನು ಸಣ್ಣ ಹಣ್ಣು ಹುಡುಕ್ತಾನೆ. ಈ ಹಂಗಾಮು ಮುಗೀಲಿ. ಯಾರಿಗೂ ಹೇಳಲ್ಲ ಅಂತ ಆಣೆ ಮಾಡು."

ನಿಯೆವೆಸ್ ಆಣೆ ಮಾಡಿದಳು. ಅಂದಿನಿಂದ ದಿನಾ ಬೆಳಿಗ್ಗೆ ಅವನ ಎದೆಗೆ ಕೊಬ್ಬರಿ ಎಣ್ಣೆ ತಿಕ್ಕಿ, ವಾಸನೆ ಯಾರಿಗೂ ತಾಕದಿರಲೆಂದು ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿ ಕಳಿಸುತ್ತಿದ್ದಳು.

*

ಬ್ಯಾಂಡಿನವರು ಶುರುಮಾಡಿದರು. ಆರು ಜನ ಪೆಟ್ಟಿಗೆಗೆ ಕೈಹಾಕಿದರು. ಮರಿ ಗಾಜಿನ ಮೇಲೆ ಜಾರುತ್ತ ಟಕಟಕನೆ ಕುಕ್ಕುತ್ತಿತ್ತು.

"ತಡೀರಿ," ಎಂದಳು ನಿಯೆವೆಸ್. "ಅವರಿಗೆ ಒಂದು ತಿಂಗಳಿಂದ ಎದೆನೋವಿತ್ತು. ಮೇಸ್ತ್ರಿಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು."

ತುತ್ತೂರಿಯವನು ಬಾಯಿಂದ ತುತ್ತೂರಿ ತೆಗೆದ.

"ತಿಂಗಳಿಂದ?" ಬಸಿಲ್ಯಾಳ ದನಿ ಇಳಿಯಿತು. "ಮತ್ತೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ಲ?"

"ಬೇಡ ಅಂದ್ರು. ಆಣೆ ಹಾಕಿಸ್ಕೊಂಡ್ರು."

"ಅವ್ನು ಬೇಡ ಅಂದ, ನೀನು ಸುಮ್ನಿದ್ದೆ." ಬಸಿಲ್ಯಾ ಅತ್ತಿಗೆಯನ್ನು ಅಡಿಯಿಂದ ಮುಡಿಯವರೆಗೆ, ಹೊಸಬಳನ್ನು ನೋಡುವಂತೆ ನೋಡಿದಳು.

"ಒಂದು ತಿಂಗಳು ಬಾಯಿ ಬಿಡ್ಲಿಲ್ವಂತೆ," ಹಿಂದೆ ಲೂರಿಂಗ್ ಪಿಸುಗುಟ್ಟಿದಳು. "ಏನಿತ್ತೋ ಮನಸ್ಸಲ್ಲಿ, ಯಾರು ಕಂಡೋರು?"

ಡೆಲ್ಫಿನ್ ಲೋಟ ಕೆಳಗಿಟ್ಟು ಬಂದು ಪೆಟ್ಟಿಗೆಯ ಮುಂಭಾಗಕ್ಕೆ ಭುಜ ಕೊಟ್ಟ. ಅಲ್ಲಿದ್ದವನು ಸರಿದು ಜಾಗ ಬಿಟ್ಟ.

ನಿಯೆವೆಸ್ ಮರಿಯನ್ನು ಎತ್ತಿಕೊಂಡು ನಾದಿನಿಯತ್ತ ಚಾಚಿದಳು. ಬಸಿಲ್ಯಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಲೂರಿಂಗ್ ಕಡೆಗೆ ಚಾಚಿದಳು. ಅವಳು ಆಕಾಶ ನೋಡಿದಳು.

ಚರ್ಚಿನ ದಾರಿಯಲ್ಲಿ ಪೆಟ್ಟಿಗೆ ಮುಂದೆ ಸಾಗಿತು, ಊರು ಹಿಂದೆ ಬಂತು. ನಡುವೆ ಹತ್ತು ಮಾರು ಬರಿದಾದ ರಸ್ತೆ. ಅದರಲ್ಲಿ ನಿಯೆವೆಸ್ ಒಬ್ಬಳೇ. ಬೊಗಸೆಯಲ್ಲಿದ್ದ ಮರಿ ಒಂದೆರಡು ಸಲ ಕೊಸರಾಡಿತು. ಆಮೇಲೆ ಅವಳ ಅಂಗೈಯ ಬಿಸಿಗೆ ಕತ್ತು ವಾಲಿಸಿ, ಕಣ್ಣು ಮುಚ್ಚಿ, ನಿದ್ದೆ ಹೋಯಿತು.