ಮಡಿಕೆಯೊಳಗಿನ ಪುಟ

ಎದುರು ಮನೆಯ ಕಿಟಕಿಯ ಪರದೆ ಇವತ್ತೂ ಒಂದು ಗೇಣು ಮೇಲಕ್ಕಿದೆ, ಸರಿಯಾಗಿ ಒಂದು ಗೇಣು, ಮೇಜಿಗೆ ಕೂತು ಬರೆಯುವವಳ ಕಣ್ಣಿಗೆ ಬೀದಿ ಕಾಣುವಷ್ಟು, ಅದಕ್ಕಿಂತ ಒಂದೆಳೆ ಹೆಚ್ಚಿಲ್ಲ — ಎತ್ತಿದವರು ಯಾರು, ಬರೆಯುವವಳು ಮಾರ್ಚ್ ತಿಂಗಳಲ್ಲೇ ಚರ್ಚಿನ ಹಿಂದೆ ಮಣ್ಣು ಸೇರಿದಳು, ಅವಳ ತಂಗಿ ಮನೆಗೆ ಬೀಗ ಜಡಿದು ಬಾತ್ ಊರಿಗೆ ಹೋಗಿ ಆರು ವಾರವಾಯಿತು, ಎಂದುಕೊಳ್ಳುತ್ತ ಡಾರ್ಕಸ್ ಪೆಲ್ ಕೇಕಿನ ತಟ್ಟೆಯನ್ನು ಮೂರನೆಯ ಸಲ ಅತ್ತಿಂದಿತ್ತ ಸರಿಸಿದಳು. ಕೇಕು ನಡುವೆ ಬಿರುಕು ಬಿಟ್ಟಿದೆ. ನೋಡಬಾರದು ಅತ್ತ, ಕೇಕನ್ನೂ ನೋಡಬಾರದು, ಕಿಟಕಿಯನ್ನೂ ನೋಡಬಾರದು. ಗಾಳಿಗೆ ಎದ್ದಿರ್ಬೇಕು ಅಮ್ಮಾವ್ರೇ, ಅಂದಿದ್ದಳು ಕೆಲಸದ ಹೆಪ್ಜಿಬಾ ಬೆಳಿಗ್ಗೆ. ಬೀಗ ಹಾಕಿದ ಮನೆಯೊಳಗೆ ಎಲ್ಲಿಯ ಗಾಳಿಯೇ. ಅದೆಲ್ಲ ನಂಗೊತ್ತಿಲ್ಲಮ್ಮಾ, ನಾನಂತೂ ಆ ಕಡೆ ತಲೆ ಎತ್ತಿ ನೋಡಲ್ಲ, ಹಾಲು ತರೋಕೂ ಹಿತ್ತಲಿಂದ್ಲೇ ಹೋಗ್ತೀನಿ. ಗಡಿಯಾರದಲ್ಲಿ ಒಂದೂಕಾಲು. ಲೆಫ್ಟಿನೆಂಟ್ ಕಾರ್ಬೆಲ್ ಒಂದೂವರೆಗೆ ಬರುತ್ತಾರೆ, ನಾಳೆ ಬೆಳಿಗ್ಗೆ ಪ್ಲಿಮತ್ ಬಂದರಿಗೆ ಹೊರಡುವವರು, ಹೊರಟರೆ ಹಡಗು, ಹಡಗಾದರೆ ಮೂರು ವರ್ಷ, ಇವತ್ತು ಬಾಯಿ ಬಿಟ್ಟು ಕೇಳಿದರೆ ಕೇಳಿದರು, ಇಲ್ಲದಿದ್ದರೆ ಇಲ್ಲ, ಇದು ಊರಿಗೆಲ್ಲ ಗೊತ್ತು, ಮೂವತ್ತೊಂಬತ್ತು ತುಂಬಿದ ಡಾರ್ಕಸ್‌ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅವಳಿಗೆ ಅವರು ಬೇಕು. ಈ ಮಾತನ್ನು ಅವಳು ತನ್ನೊಳಗೂ ಇಷ್ಟು ನೇರವಾಗಿ ಅಂದುಕೊಂಡದ್ದು ಇವತ್ತೇ.

ಇವತ್ತು ಏಳಬಾರದು, ಅಷ್ಟೇ, ಏನಾದರೂ ಆಗಲಿ ಕುರ್ಚಿ ಬಿಟ್ಟು ಏಳಬಾರದು. ಹಗಲು ಭೇಟಿ ಅಂದರೆ ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ, ಅದಾದ ಮೇಲೆ ಬಂದವರು ತಾವಾಗಿ ಟೋಪಿ ಎತ್ತಿಕೊಳ್ಳಬೇಕು, ಮನೆಯವಳು ಎಬ್ಬಿಸಬಾರದು, ಆದರೆ ಡಾರ್ಕಸ್ ಹನ್ನೆರಡನೆಯ ನಿಮಿಷಕ್ಕೇ ಗಡಿಯಾರ ನೋಡಿ ಎದ್ದು ನಿಲ್ಲುತ್ತಾಳೆ, ಅಯ್ಯೋ ನಿಮಗೆ ತಡವಾಗುತ್ತೆ, ನಾನೊಬ್ಬಳು ಹಿಡ್ಕೊಂಡು ಕೂತಿದೀನಿ — ಅದು ಅವಳ ಬಾಯಲ್ಲ, ಹಾಗೆ ಆಡಿಸುವುದು ಇಪ್ಪತ್ತೆರಡು ವರ್ಷದ ಹಿಂದೆ ಇದೇ ಗೇಟಿನ ಹೊರಗೆ ಒಬ್ಬ ಯುವಕ ಗೆಳೆಯನಿಗೆ ಹೇಳಿದ ಮಾತು, ಅಂತೂ ಬಿಟ್ಟಳಪ್ಪ, ನಾನು ಅಲ್ಲೇ ಮುದುಕ ಆಗ್ತೀನಿ ಅಂದ್ಕೊಂಡಿದ್ದೆ, ಅಂತ ಅವನು ನಕ್ಕದ್ದು, ಕಿಟಕಿ ತೆರೆದಿತ್ತು, ಲ್ಯಾವೆಂಡರ್ ಘಮಘಮಿಸುತ್ತಿತ್ತು. ಅಂದಿನಿಂದ ಯಾರನ್ನೂ ಮುದುಕರಾಗುವ ತನಕ ಕೂರಿಸಿಲ್ಲ. ಇದನ್ನು ಒಬ್ಬಳಿಗೆ ಮಾತ್ರ ಹೇಳಿದ್ದಳು, ಎದುರು ಮನೆಯ ಥಿಯೋಡೋಸಿಯಾ ರೆನ್‌ಗೆ, ಪಾದ್ರಿಯ ಮಗಳು, ಬಾಲ್ಯದ ಗೆಳತಿ, ಕೈಯಲ್ಲಿ ಸದಾ ಹೊಲಿಗೆ, ಹೊಲಿಗೆಯ ಕೆಳಗೆ ಸದಾ ಕಾಗದ. ಹೇಳಬಾರದಿತ್ತು. ಬರೆಯುವವರ ಮುಂದೆ ಎದೆ ಬಿಚ್ಚುವುದೂ ಬೆಕ್ಕಿನ ಮುಂದೆ ಕೆನೆ ಇಡುವುದೂ ಒಂದೇ.

ಕಳೆದ ಚಳಿಗಾಲಕ್ಕೆ ಒಂದು ಕಾದಂಬರಿಯ ಎರಡು ಸಂಪುಟ ಬಂದವು, ಮೇಲೆ ಹೆಸರಿಲ್ಲ, ಒಬ್ಬ ಮಹಿಳೆ ಬರೆದದ್ದು ಅಂತಷ್ಟೇ, ಆದರೆ ಯಾವ ಮಹಿಳೆ ಅಂತ ಊರಿಗೆ ಹೇಳಬೇಕೇ. ಕಥೆಯಲ್ಲಿ ಒಬ್ಬಳು ಮಿಸ್ ಪಿನೊಕ್, ಬಂದವರನ್ನೆಲ್ಲ ಹನ್ನೆರಡನೆಯ ನಿಮಿಷಕ್ಕೆ ಎಬ್ಬಿಸಿ ಕಳಿಸುವವಳು. ವಕೀಲರ ಹೆಂಡತಿ ಮಿಸೆಸ್ ಕ್ರಾಪರ್ ತನ್ನ ಚಹಾ ಮೇಜಿನಲ್ಲಿ ಅದನ್ನು ಗಟ್ಟಿಯಾಗಿ ಓದಿದಳು, ಎಲ್ಲರೂ ನಕ್ಕರು, ಡಾರ್ಕಸ್ ಎಲ್ಲರಿಗಿಂತ ಜೋರಾಗಿ ನಕ್ಕಳು, ನಗದಿದ್ದರೆ ಒಪ್ಪಿಕೊಂಡಂತೆ. ಕೂತ್ಕೊಳ್ರೀ ಮಿಸ್ ಪಿನೊಕ್ — ಅಯ್ಯೋ ನನ್ನ ನಾಲಿಗೆಗೆ ಬೆಂಕಿ ಬೀಳ, ಮಿಸ್ ಪೆಲ್, ಅಂದಳು ಮಿಸೆಸ್ ಕ್ರಾಪರ್. ಅವತ್ತು ಸಂಜೆ ಬೀದಿ ದಾಟಿ ಹೋಗಿ ಕೇಳಿದಳು, ನಾನು ಅಷ್ಟು ನಗೆಪಾಟಲೇನೇ ಥಿಯೋ? ಥಿಯೋಡೋಸಿಯಾ ಕಾಗದದಿಂದ ಲೇಖನಿ ಎತ್ತಲಿಲ್ಲ. ಮೂರನೇದು ಬರ್ಲಿ ಕಣೇ, ಅದನ್ನ ಓದಿ ಆಮೇಲೆ ಜಗಳ ಆಡು, ಅಂದಳು. ಡಾರ್ಕಸ್ ಕಾಯಲಿಲ್ಲ, ಅಂದೇ ಮಾತು ಬಿಟ್ಟಳು. ಥಿಯೋಗೆ ಜ್ವರ ಅಂದರು, ಹೋಗಲಿಲ್ಲ. ಜೋರಾಗಿದೆ ಅಂದರು, ನಾಳೆ ಹೋದರಾಯಿತು ಅಂದುಕೊಂಡಳು. ಪರದೆ ಒಂದು ಗೇಣು ಎತ್ತಿಯೇ ಇರುತ್ತಿತ್ತು ಆ ದಿನಗಳಲ್ಲೂ, ಹಾಸಿಗೆಯನ್ನು ಕಿಟಕಿಯ ಹತ್ತಿರ ಎಳೆಸಿಕೊಂಡಿದ್ದಳಂತೆ. ನಾಳೆ ಬರುವಷ್ಟರಲ್ಲಿ ಚರ್ಚಿನಲ್ಲಿ ಸಾವಿನ ಗಂಟೆ ಹೊಡೆಯಿತು.

ಮೂರನೆಯ ಸಂಪುಟ ಮೊನ್ನೆ ಬಂತು, ಊರಲ್ಲಿ ಇನ್ನೂ ಯಾರಿಗೂ ಸಿಕ್ಕಿಲ್ಲ, ಡಾರ್ಕಸ್‌ಗೆ ಮಾತ್ರ, ಬಾತ್‌ನಿಂದ ಥಿಯೋಳ ತಂಗಿ ಕಳಿಸಿದ್ದು, ಜೊತೆಗೆ ಒಂದು ಚೀಟಿ — ಡಾರ್ಕಸ್ಸೇ ಕತ್ತರಿಸಲಿ, ಬೇರೆ ಯಾರ ಕೈಗೂ ಬೇಡ, ಅಂತ ಅಕ್ಕ ಹೇಳಿದ್ದಳು. ಅಚ್ಚಿನ ಮನೆಯಿಂದ ಬಂದ ಹಾಗೇ ಇದೆ, ಹಾಳೆಗಳ ಮಡಿಕೆ ಬಿಡಿಸಿಲ್ಲ, ಒಳಗಿನ ಪುಟ ಕಾಣುವುದಿಲ್ಲ, ಅಂಚು ಕತ್ತರಿಸುತ್ತ ಹೋದಷ್ಟೂ ಓದು. ಥಿಯೋ ಹಿಂದೆಂದೋ ಕೊಟ್ಟ ದಂತದ ಚೂರಿಯಿಂದ ಡಾರ್ಕಸ್ ನಿನ್ನೆ ಕತ್ತರಿಸಿದಳು, ಓದಿದಳು. ಮಿಸ್ ಪಿನೊಕ್ ಮನೆಗೆ ಒಬ್ಬ ನೌಕಾಪಡೆಯವನು ಬರುತ್ತಾನೆ, ನರೆತ ಕೆನ್ನೆಗೂದಲು, ಮಾತು ಕಡಿಮೆ, ಹಡಗು ಹತ್ತುವ ಹಿಂದಿನ ದಿನ ವಿದಾಯದ ಭೇಟಿ, ಮೇಜಿನ ಮೇಲಿನ ಕೇಕು ನಡುವೆ ಬಿರುಕು ಬಿಟ್ಟಿದೆ, ಅವನ ಎಡ ತೋಳಿನ ಗುಂಡಿ ನೀಲಿ ದಾರದಲ್ಲಿ ನೇತಾಡುತ್ತಿದೆ. ಲೆಫ್ಟಿನೆಂಟ್ ಕಾರ್ಬೆಲ್ ಈ ಊರಿಗೆ ಕಾಲಿಟ್ಟದ್ದೇ ಮೇ ತಿಂಗಳಲ್ಲಿ. ಥಿಯೋ ಅವರನ್ನು ಕಂಡಿಲ್ಲ, ಅವರ ಹೆಸರು ಕೇಳಿಲ್ಲ. ಅಲ್ಲಿಯವರೆಗೆ ಕತ್ತರಿಸಿದ ಪುಟದ ಕೊನೆಯ ಸಾಲು, ಹನ್ನೆರಡನೆಯ ನಿಮಿಷಕ್ಕೆ ಮಿಸ್ ಪಿನೊಕ್ ಎದ್ದು ನಿಂತಳು. ಮುಂದಿನದು ಮಡಿಕೆಯೊಳಗೆ. ಚೂರಿಯ ತುದಿಯನ್ನು ಮಡಿಕೆಯೊಳಗೆ ಇಟ್ಟಳು, ಒತ್ತಲಿಲ್ಲ. ಓದುವುದೇನಿದೆ, ಎದ್ದು ನಿಂತ ಮೇಲೆ ಮಿಸ್ ಪಿನೊಕ್ ಏನನ್ನುತ್ತಾಳೆ ಅಂತ ಹಾಲಿನವಳಿಗೂ ಗೊತ್ತು. ಸತ್ತರೂ ಬಿಡಲಿಲ್ಲವಲ್ಲೇ ನೀನು, ಅಂದು ಪುಸ್ತಕ ಮುಚ್ಚಿಟ್ಟಳು.

ಬಾಗಿಲು ಬಡಿದ ಸದ್ದು, ಹೆಪ್ಜಿಬಾಳ ಚಪ್ಪಲಿಯ ಸದ್ದು, ಬನ್ನಿ ಸ್ವಾಮಿ, ಅಮ್ಮಾವ್ರು ಒಳಗಿದಾರೆ, ಮತ್ತೆ ಅವರು, ಬಾಗಿಲಿಗಿಂತ ಸ್ವಲ್ಪ ಎತ್ತರ, ತಲೆ ತಗ್ಗಿಸಿ ಒಳಗೆ ಬಂದರು. ಕೂತರು. ಎಡ ತೋಳು — ನೋಡಬಾರದು — ಗುಂಡಿ ನೀಲಿ ದಾರದಲ್ಲಿ ನೇತಾಡುತ್ತಿದೆ. ಎಲ್ಲಿ ನೋಡಲಿ, ಕೇಕಿನ ಬಿರುಕಿನತ್ತಲೇ, ಕಿಟಕಿಯತ್ತಲೇ, ಗಡಿಯಾರದತ್ತಲೇ. ಕೇಕು ಚೆನ್ನಾಗಿದೆ ಮಿಸ್ ಪೆಲ್. ಒಡೆದು ಹೋಗಿದೆ, ಕ್ಷಮಿಸಿ. ಹಡಗಲ್ಲಿ ಒಡೆಯದೇ ಇರೋ ಕೇಕನ್ನ ನಾನು ಕಂಡೇ ಇಲ್ಲ, ಒಡೆದದ್ದೇ ಮನೆ ಅನ್ಸುತ್ತೆ. ಅವಳು ನಕ್ಕಳು, ನಿಜವಾಗಿ ನಕ್ಕಳು, ಏಳನೆಯ ನಿಮಿಷ. ಅವರ ಕೈಗಳಿಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ, ದೊಡ್ಡ ಕೈಗಳು, ಮೊಣಕಾಲ ಮೇಲೆ ಇಟ್ಟರು, ತೆಗೆದರು, ಒಂಬತ್ತನೆಯ ನಿಮಿಷ, ಮಿಸ್ ಪೆಲ್, ಒಂದು ಮಾತು ಬಹಳ ದಿನದಿಂದ, ಅಂದವರು ಅಲ್ಲಿಗೇ ನಿಂತು, ಕೈಚಾಚಿ ಮೇಜಿನ ಮೇಲಿದ್ದ ಪುಸ್ತಕ ಎತ್ತಿಕೊಂಡರು. ಅಯ್ಯೋ ದೇವರೇ. ಹೆಂಗಸರಿಗೆ ಪುಟ ಕತ್ತರಿಸಿಕೊಡುವುದು ಮರ್ಯಾದಸ್ಥ ಗಂಡಸಿನ ಲಕ್ಷಣ, ಮಾತು ಸಿಗದವರಿಗೆ ಅದೊಂದು ಆಸರೆ ಕೂಡ, ಇನ್ನೂ ಪೂರ್ತಿ ಬಿಡಿಸೇ ಇಲ್ವಲ್ಲ ಇದನ್ನ, ನಾನು ಕತ್ತರಿಸಿ ಕೊಡ್ತೀನಿ, ಕತ್ತರಿಸ್ತಾ ಹೇಳ್ತೀನಿ, ಹಾಗಾದ್ರೆ ಸುಲಭ, ಎಂದು ದಂತದ ಚೂರಿ ತೆಗೆದುಕೊಂಡರು. ಚೂರಿಯ ತುದಿ ಮಡಿಕೆಯೊಳಗೆ ಹೋಯಿತು. ಅದೇ ಮಡಿಕೆ. ಕಾಗದ ಸೀಳುವ ಸಣ್ಣ ಸದ್ದು. ಇನ್ನೊಂದು ಗೆರೆ ಸೀಳಿದರೆ ಪುಟ ಬಾಯಿ ಬಿಡುತ್ತದೆ, ಅವರ ಕಣ್ಣು ಆ ಸಾಲಿನ ಮೇಲೆ ಬೀಳುತ್ತದೆ, ಅವರ ಮುಖದಲ್ಲೂ ಆ ನಗು ಬರುತ್ತದೆ, ಮಿಸೆಸ್ ಕ್ರಾಪರ್‌ಳ ಮೇಜಿನ ನಗು, ಗೇಟಿನ ಹೊರಗಿನ ನಗು, ಈ ಮುಖದಲ್ಲಿ ಅದನ್ನು ನೋಡಲಾರೆ, ಬೇರೆ ಯಾರ ಮುಖದಲ್ಲಾದರೂ ಸರಿ, ಇದರಲ್ಲಿ ಬೇಡ, ತಡೆಯಬೇಕು, ಏನಾದರೂ ಹೇಳಿ ತಡೆಯಬೇಕು, ಹೇಳಲು ಅವಳ ಬಾಯಲ್ಲಿ ಇರುವುದಾದರೂ ಏನು — ಅವಳು ಎದ್ದು ನಿಂತಿದ್ದಳು. ಯಾವಾಗ ಎದ್ದಳೋ. ಗಡಿಯಾರದಲ್ಲಿ ಹನ್ನೆರಡನೆಯ ನಿಮಿಷ. ಅಯ್ಯೋ ನಿಮಗೆ ತಡವಾಗುತ್ತೆ, ಲೆಫ್ಟಿನೆಂಟರೇ, ನಾನೊಬ್ಬಳು ಹಿಡ್ಕೊಂಡು ಕೂತಿದೀನಿ.

ಹುಟ್ಟುಗುಣ ಸುಟ್ಟರೂ ಹೋಗದು. ಅವರು ಅವಳ ಮುಖವನ್ನೇ ನೋಡಿದರು, ಪುಟ ನೋಡಲೇ ಇಲ್ಲ. ಅವರ ಮುಖದಲ್ಲಿ ಏನೋ ಆರಿಹೋಯಿತು. ಹೌದು, ಹೊತ್ತಾಯ್ತೇನೋ, ಅಂದರು, ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು, ಚೂರಿ ಅರ್ಧಕ್ಕೇ ನಿಂತಿತ್ತು, ಟೋಪಿ, ಬಾಗಿಲು, ಮೆಟ್ಟಿಲು. ಗೇಟಿನ ಹತ್ತಿರ ಒಂದು ಕ್ಷಣ ನಿಂತರು, ತಿರುಗಲಿಲ್ಲ, ಹೋದರು. ಎದುರು ಮನೆಯ ಪರದೆ ಒಂದು ಗೇಣು ಕೆಳಗಿಳಿಯಿತು, ಮೆಲ್ಲಗೆ, ಬರೆಯುವ ಕೆಲಸ ಮುಗಿದವರು ಇಳಿಸುವ ಹಾಗೆ, ಪೂರ್ತಿ ಮುಚ್ಚಿತು.

ಡಾರ್ಕಸ್ ಬಗ್ಗಿದಳು, ಚೂರಿ ಮುಟ್ಟಲಿಲ್ಲ, ಅವರು ಸೀಳಿದಷ್ಟು ಸಂದಿಯೊಳಗೇ ಕಣ್ಣಿಟ್ಟಳು, ಒಳಗೆ ಮಬ್ಬು, ಮಬ್ಬಿನಲ್ಲಿ ಅಕ್ಷರ, ಎದ್ದು ನಿಂತವಳು ಗಡಿಯಾರವನ್ನು ಗೋಡೆಯ ಕಡೆ ತಿರುಗಿಸಿಟ್ಟಳು. ಕೂತ್ಕೊಳ್ಳಿ, ಅಂದಳು ಮಿಸ್ ಪಿನೊಕ್, ಜೀವನದಲ್ಲಿ ಮೊದಲ ಸಲ, ನನಗೇನೂ ಆತುರವಿಲ್ಲ — ಮೂರನೇದು ಬರ್ಲಿ ಕಣೇ, ಓದಿ ಆಮೇಲೆ, ಕಿಟಕಿಯ ಹತ್ತಿರ ಎಳೆಸಿಕೊಂಡ ಹಾಸಿಗೆ, ಜ್ವರ, ಲೇಖನಿ, ಒಂದು ಗೇಣು ಬೀದಿ, ಆ ಬೀದಿಯನ್ನು ದಾಟಿ ಬಾರದವಳಿಗಾಗಿ ಕೂತು ಬರೆದದ್ದು, ನನಗೇನೂ ಆತುರವಿಲ್ಲ, ಅವಳೇ ಕತ್ತರಿಸಲಿ ಬೇರೆ ಯಾರ ಕೈಗೂ ಬೇಡ, ಇನ್ನೊಂದು ಗೆರೆ, ನಿನ್ನೆ ಇನ್ನೊಂದು ಗೆರೆ ಒತ್ತಿದ್ದರೆ, ಹೆಪ್ಜಿಬಾ ಒಳಗಿಂದ ಕೂಗುತ್ತಿದ್ದಾಳೆ, ಕೇಕು ಎತ್ತಿಡ್ಲಾ ಅಮ್ಮಾವ್ರೇ, ಹದಿನಾಲ್ಕನೆಯ ನಿಮಿಷ, ಮಡಿಕೆಯೊಳಗೆ ಚೂರಿ, ಅವರು ಬಿಟ್ಟಲ್ಲೇ, ಅರ್ಧಕ್ಕೆ, ಹದಿನೈದು, ಮಡಿಕೆಯೊಳಗೆ ಚೂರಿ