ಬಾವಿಗಿಳಿಸಿ ನೋಡಿದ ಸೆಟ್ಟು

ಹಚ್ಚೊಳ್ಳಿಯ ಕಾಲುವೆಗೆ ಯಾರೇ ಬೀಳಲಿ, ಜನ ಮೊದಲು ಕೂಗುತ್ತಿದ್ದದ್ದು ಭೀಮರಾಜನನ್ನು. ಅವನಿಗೆ ಈಜು ಯಾರೂ ಕಲಿಸಿದ್ದಲ್ಲ, ಕಾಲುವೆ ದಂಡೆಯಲ್ಲೇ ಬೆಳೆದವನು. ಗದ್ದೆ ಕೆಲಸ ಬಿಟ್ಟು ಓಡಿ ಹೋಗಿ, ಉಸಿರು ಕಟ್ಟಿ ಮುಳುಗಿ, ಸಿಕ್ಕವರನ್ನು ಎಳೆದು ತರುತ್ತಿದ್ದ. ಹೋದ ಸುಗ್ಗಿಯಲ್ಲಿ ಕೂಲಿಯವರಿದ್ದ ಟ್ರ್ಯಾಕ್ಟರ್ ಟ್ರೇಲರ್ ಕಾಲುವೆಗೆ ಮಗುಚಿತು. ಎಲ್ಲರೂ ಹೇಗೋ ದಡ ಸೇರಿದರು, ಈರಮ್ಮ ಎಂಬಾಕೆ ಮಾತ್ರ ಟ್ರೇಲರಿನ ಅಡಿ ಸಿಕ್ಕಿಕೊಂಡಳು. ಭೀಮರಾಜ ಮುಳುಗಿ ಅವಳ ಕೈ ಹಿಡಿದ. ಅವಳೂ ಬಿಗಿಯಾಗಿ ಹಿಡಿದಳು. ಟ್ರೇಲರಿಗೆ ಸಿಕ್ಕಿದ್ದ ಅವಳ ಸೀರೆಯನ್ನು ಬಿಡಿಸುವ ಮೊದಲೇ ಅವನ ಉಸಿರು ಮುಗಿಯಿತು. ಮೇಲೆ ಬಂದು ಗಾಳಿ ತೆಗೆದುಕೊಂಡು ಮತ್ತೆ ಇಳಿದಾಗ ಆ ಕೈಯಲ್ಲಿ ಹಿಡಿತವಿರಲಿಲ್ಲ.

ಅದಾದ ಮೇಲೆ ಅವನಿಗೆ ಊಟ ಸೇರಲಿಲ್ಲ. ಹೆಂಡತಿ ಜ್ಯೋತಿಲಕ್ಷ್ಮಿ ಕೆಲವು ದಿನ ಸುಮ್ಮನೆ ನೋಡಿದಳು. ಆಮೇಲೆ ಮೊಬೈಲಿನಲ್ಲಿ ಹುಡುಕಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರೊಳಗೇ ಉಸಿರಾಡುವ ಸ್ಕೂಬಾ ಸೆಟ್ಟಿನ ಚಿತ್ರವನ್ನು ಅವನ ಮುಂದೆ ಹಿಡಿದಳು.

"ಇದಿದ್ರ ನೀವು ಉಸಿರಿಗಂತ ಮ್ಯಾಲ ಬರಬೇಕಂತಿಲ್ಲ ನೋಡ್ರಿ."

ಊರವರು ಕೈಲಾದಷ್ಟು ಕೂಡಿಸಿ ಕೊಟ್ಟರು. ಹೊಸ ಸೆಟ್ಟಿಗೆ ಅದು ಅರ್ಧವೂ ಆಗುತ್ತಿರಲಿಲ್ಲ. ಹಳೆಯದನ್ನು ಹುಡುಕುತ್ತ ಹೋದರೆ, ಬಳ್ಳಾರಿಯಲ್ಲೇ ಒಂದು ಮಾರಾಟಕ್ಕಿರುವುದು ಕಂಡಿತು.

ಕಂಟೋನ್ಮೆಂಟಿನಲ್ಲಿ ಮನೆ. ಮಾರುವವನ ಹೆಸರು ಗವಿಸಿದ್ದೇಶ್, ಟೈಲ್ಸ್ ಅಂಗಡಿ ಇಟ್ಟವನು. ಹಾಲ್‌ನಲ್ಲಿ ಚಾಪೆ ಹಾಸಿ ಎಲ್ಲವನ್ನೂ ಹರಡಿದ್ದ. ಕಣ್ಣಿಗೆ ಹಾಕುವ ಮಾಸ್ಕು, ಬಾತುಕೋಳಿ ಪಾದದಂಥ ರಬ್ಬರ್ ಕಾಲು, ಜಾಕೆಟ್ಟು, ಸಿಲಿಂಡರು, ಅದರ ಗಾಳಿಯನ್ನು ಬಾಯಿಗೆ ತರುವ ರೆಗ್ಯುಲೇಟರು. ಧೂಳಿಲ್ಲ, ಒಂದು ಗೀರೂ ಇಲ್ಲ.

"ಎಷ್ಟ್ ಸರ್ತಿ ಬಳಸೀರಿ ಅಣ್ಣಾರ?" ಎಂದು ಜ್ಯೋತಿಲಕ್ಷ್ಮಿ ಕೇಳಿದಳು.

"ನಾನು ಒಂದ ಸರ್ತಿ. ನಾನೂ ಹಳೇದ ತಗೊಂಡಿದ್ದೆ, ಸಸ್ತಾ ಸಿಕ್ತು ಅಂತ."

"ಮತ್ತ ಯಾಕ ಮಾರಾಕ ಹತ್ತೀರಿ?"

"ಟೈಮ್ ಎಲ್ಲಿ ಸಿಗತೈತವ್ವ."

ಚಹಾ ತಂದ ಅವನ ಹೆಂಡತಿ ಸೌಂದರ್ಯ ಗಂಡನ ಮುಖವನ್ನೊಮ್ಮೆ ನೋಡಿ, ಲೋಟಗಳನ್ನು ಇಟ್ಟು ಒಳಗೆ ಹೋದಳು.

ಭೀಮರಾಜನ ಕಣ್ಣು ಆಗಲೇ ಸೆಟ್ಟಿನ ಮೇಲೆ ನೆಟ್ಟಿತ್ತು. ಅವನನ್ನು ಬಿಟ್ಟಿದ್ದರೆ ಅಲ್ಲೇ ದುಡ್ಡು ಕೊಟ್ಟು ಹೊತ್ತುಕೊಂಡು ಹೊರಡುತ್ತಿದ್ದ. ಜ್ಯೋತಿಲಕ್ಷ್ಮಿ ಬಿಡಲಿಲ್ಲ.

"ಎಮ್ಮಿ ಕೊಳ್ಳಾಕ ಹೋದ್ರೂ ಹಿಂಡಿ ನೋಡ್ತೀವ್ರಿ. ಇದು ನಮ್ಮ ಮನಿಯವರ ಜೀವ. ನೀರಾಗ ಇಳಿಸಿ ನೋಡೂತನ ನಾವು ತಗೊಳ್ಳಂಗಿಲ್ಲ."

ಗವಿಸಿದ್ದೇಶ್ ಸ್ವಲ್ಪ ಹಿಂದೆಮುಂದೆ ನೋಡಿ ಒಪ್ಪಿಕೊಂಡ. ಬೆಂಕಿ ಆರಿಸುವವರ ಸಿಲಿಂಡರುಗಳಿಗೆ ಗಾಳಿ ತುಂಬುವ ಒಬ್ಬನ ಹತ್ತಿರ ಸಿಲಿಂಡರನ್ನು ಪರೀಕ್ಷೆ ಮಾಡಿಸಿ, ತುಂಬಿಸಿ ತಂದ. ಭಾನುವಾರ ನಾಲ್ವರೂ ಕುರುಗೋಡಿನ ಕಡೆ ಬಾದನಹಟ್ಟಿಗೆ ಹೋದರು. ಅಲ್ಲಿ ಗವಿಸಿದ್ದೇಶನ ಸೋದರಮಾವನ ಹೊಲದಲ್ಲಿ ಮೆಟ್ಟಿಲಿರುವ ಬಾವಿಯಿತ್ತು.

ಗವಿಸಿದ್ದೇಶ್ ಬಾವಿಯ ಹತ್ತಿರವೇ ಬರಲಿಲ್ಲ. ಬೇವಿನ ಮರದ ಕೆಳಗೆ ನಿಂತು, ಅಲ್ಲಿಂದಲೇ ಕೂಗಿ ಹೇಳಿದ. "ನೀರಾಗ ಉಸಿರು ಹಿಡೀಬ್ಯಾಡ ಭೀಮರಾಜ! ಉಸಿರು ಹಿಡದು ಮ್ಯಾಲ ಬಂದ್ರ ಎದಿ ಒಡೀತೈತಿ. ಎಳಕೋತ, ಬಿಟಕೋತ ಇರು. ಮೆಟ್ಟಲ ಬಿಟ್ಟು ಹೋಗಬ್ಯಾಡ!"

ಭೀಮರಾಜ ಒಂದು ಕೈಯಲ್ಲಿ ಮೆಟ್ಟಿಲು ಹಿಡಿದು ಮುಳುಗಿದ. ಗುಳ್ಳೆಗಳು ಸಾಲಾಗಿ ಬಂದವು. ಜ್ಯೋತಿಲಕ್ಷ್ಮಿಯ ಮುಖ ಅರಳಿತು. ಅಷ್ಟರಲ್ಲೇ ಗುಳ್ಳೆಗಳು ಒಮ್ಮೆಲೇ ಕದಡಿದವು. ಭೀಮರಾಜ ಮೇಲೆದ್ದು ರೆಗ್ಯುಲೇಟರನ್ನು ಬಾಯಿಂದ ಕಿತ್ತು ಕೆಮ್ಮತೊಡಗಿದ. ಅವಳು ಮೊಣಕಾಲುದ್ದ ನೀರಿಗಿಳಿದು ಅವನ ರಟ್ಟೆ ಹಿಡಿದಳು.

"ಏನಿಲ್ಲ, ಏನಿಲ್ಲ," ಎಂದ ಅವನು. "ಉಸಿರು ಎಳದಂಗ ಗಾಳಿ ಜೊತಿ ನೀರೂ ಬರಾಕ ಹತ್ತೈತಿ."

ಮರದ ಕೆಳಗಿದ್ದ ಗವಿಸಿದ್ದೇಶ್ ಎರಡು ಹೆಜ್ಜೆ ಮುಂದೆ ಬಂದ. "ಏನಂದಿ? ಮೊದ್ಲು ಜರಾ ಜರಾ, ಆಮ್ಯಾಲ ಬಾಯಿ ತುಂಬ?"

"ಹೌದ್ರಿ. ಹಂಗ ಬಂತು."

ಗವಿಸಿದ್ದೇಶ್ ದಡದಡ ಮೆಟ್ಟಿಲಿಳಿದ. ಪ್ಯಾಂಟು ನೆನೆಯುತ್ತಿರುವುದೂ ಅವನಿಗೆ ಗೊತ್ತಾಗಲಿಲ್ಲ. ರೆಗ್ಯುಲೇಟರನ್ನು ಕೈಗೆ ತೆಗೆದುಕೊಂಡು, ಕೆಳಗಿನ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿದ. ಉಸಿರು ಹೊರಗೆ ಬಿಡುವ ಕಡೆ, ನೀರು ಒಳಬರದಂತೆ ತಡೆಯುವ ತೆಳ್ಳನೆಯ ರಬ್ಬರ್ ಬಿಲ್ಲೆಯೊಂದಿತ್ತು. ಅದರ ಅಂಚು ಸೀಳಿತ್ತು.

ಅವನು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ನನಗೂ ಹಿಂಗ ಆಗಿತ್ತು," ಎಂದ. ಗೋವಾದ ಸಮುದ್ರದಲ್ಲಿ, ಕಲಿತ ಮೇಲೆ ಸ್ವಂತ ಸೆಟ್ಟಿನೊಂದಿಗೆ ಇಳಿದ ಮೊದಲ ದಿನ. ಬಾಯಿಗೆ ಉಪ್ಪುನೀರು ನುಗ್ಗಿದಾಗ ಮಾಸ್ಕು ಕಿತ್ತುಕೊಂಡು, ಚೀರುತ್ತ ಮೇಲೆ ಬಂದಿದ್ದ. ಗಾಬರಿ ಸ್ವಭಾವದವರಿಗೆ ಇದು ಹೊಂದುವುದಿಲ್ಲ ಎಂದು ಕರೆದೊಯ್ದವರು ಹೇಳಿದ್ದರು. ಗೆಳೆಯರು ದೋಣಿಯಿಂದ ವಿಡಿಯೋ ಮಾಡಿ, ಮದುವೆ ಮನೆಗಳಲ್ಲಿ ತೋರಿಸಿ ನಕ್ಕಿದ್ದರು. "ನಾನೂ ಅದನ್ನ ನಂಬಿದೆ. ನಾನ ಪುಕ್ಕಲ, ಸೆಟ್ಟಿಂದೇನು ತಪ್ಪಿಲ್ಲ ಅಂತ ಬಿಚ್ಚಿ ಸೈತ ನೋಡಲಿಲ್ಲ. ಆವಾಗಿಂದ ಹೊಳಿ ದಂಡಿಗೂ ಹೋಗಿಲ್ಲ."

ಸೌಂದರ್ಯ ಮೆಲ್ಲನೆ ಇಳಿದು ಬಂದು ಅವನ ಪಕ್ಕ ಕುಳಿತಳು. "ನೀರು ಬಂತು ಅಂತ ಅವತ್ತ ಹೇಳಿದ್ರಿ," ಎಂದಳು. "ನಾನೂ ನಂಬಲಿಲ್ಲ."

ಅವನು ಅವಳ ಕೈ ತಟ್ಟಿದ. ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದ.

ಭೀಮರಾಜ ತಲೆ ಒರೆಸಿಕೊಳ್ಳುತ್ತ ಕೇಳಿದ, "ಅಣ್ಣಾರ, ಆ ರಬ್ಬರ್ ಒಂದು ಹಾಕಿಸಿದ್ರ ನಡೀತೈತಲ್ರಿ?"

"ನಡೀಬೋದು. ಆದ್ರ ಇದನ್ನ ನಾ ಮಾರಂಗಿಲ್ಲ," ಎಂದ ಗವಿಸಿದ್ದೇಶ್. "ಮಾಸ್ಕು, ಜಾಕೆಟ್ಟು, ಸಿಲಿಂಡರು ಹಳೇವ ಇರಲಿ, ಅವನ್ನ ಒಯ್ಯಿ. ಉಸಿರು ಕೊಡೋ ಸಾಮಾನು ಮಾತ್ರ ಹೊಸದ ತಗೋ. ಮತ್ತ ಕಲೀದ ಕಾಲುವಿಗೆ ಇಳೀಬ್ಯಾಡ."

"ಕಲಿಸೋರು ಯಾರದಾರ್ರಿ ಇಲ್ಲಿ?" ಎಂದಳು ಜ್ಯೋತಿಲಕ್ಷ್ಮಿ.

"ಸಮುದ್ರದ ಕಡೆ ಹೋಗಬೇಕು." ಅವನು ಮುಚ್ಚಳವನ್ನು ಮತ್ತೆ ಕೂರಿಸುತ್ತ ಹೇಳಿದ, "ನಾನೂ ಬರ್ತೀನಿ. ಇನ್ನೊಮ್ಮಿ ಕಲೀಬೇಕು."

ಹಳೆಯ ಸಾಮಾನಿಗೆ ಅವನು ಕೇಳಿದ್ದು ಬಹಳ ಕಡಿಮೆ. ಜ್ಯೋತಿಲಕ್ಷ್ಮಿ ಒಪ್ಪದೆ, ಧರ್ಮಕ್ಕೆ ಬೇಡವೆಂದು ಜಗಳವಾಡಿ ಇನ್ನಷ್ಟು ಕೊಟ್ಟಳು. ಊರವರು ಕೂಡಿಸಿದ್ದರಲ್ಲಿ ಉಳಿದದ್ದು ಹೊಸ ರೆಗ್ಯುಲೇಟರಿಗೂ ಕಲಿಕೆಗೂ ಹೇಗೋ ಸಾಕಾಯಿತು.

ಭತ್ತ ನಾಟಿ ಮುಗಿದು, ಮಳೆಗಾಲ ಕಳೆದ ಮೇಲೆ ನಾಲ್ವರೂ ಗೋವಾಕ್ಕೆ ಹೋದರು. ಭೀಮರಾಜ ಸಮುದ್ರ ನೋಡಿದ್ದು ಅದೇ ಮೊದಲು. ಗವಿಸಿದ್ದೇಶ್ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದ. "ಆತುರ ಇಲ್ರಿ ಅಣ್ಣಾರ, ನಾ ಪಕ್ಕದಾಗ ಅದೀನಿ," ಎಂದು ಭೀಮರಾಜ ಕಾದು ನಿಂತ. ಇಬ್ಬರೂ ಒಟ್ಟಿಗೆ ಇಳಿದರು.

ಅವರು ಮೇಲೆ ಬಂದಾಗ ಹೆಂಡತಿಯರಿಬ್ಬರೂ ದೋಣಿಯಿಂದ ಬಗ್ಗಿ ನೋಡುತ್ತಿದ್ದರು.

"ಹೆಂಗಿತ್ತು?" ಎಂದಳು ಜ್ಯೋತಿಲಕ್ಷ್ಮಿ.

"ನಮ್ಮ ಕಾಲುವಿ ಹಂಗ ರಾಡಿ ಇಲ್ಲ," ಎಂದ ಭೀಮರಾಜ. "ತಳ ಕಾಣತೈತಿ."

ಗವಿಸಿದ್ದೇಶ್ ದೋಣಿ ಹತ್ತಲಿಲ್ಲ. ಮಾಸ್ಕನ್ನು ಹಣೆಗೇರಿಸಿ ನೀರಲ್ಲೇ ತೇಲುತ್ತಿದ್ದ. ಸೌಂದರ್ಯ ಕೈ ಚಾಚಿದರೂ, ಇನ್ನೊಂದಿಷ್ಟು ಹೊತ್ತು ಇರುತ್ತೇನೆಂದು ತಲೆಯಾಡಿಸಿದ.