ಎರಡಾದ ಮೇಲೆ ಏಳು

“ಎರಡಾದ ಮೇಲೆ ಎಷ್ಟು?”

“ಏಳು.”

ದೊಡ್ಡವಳು ತಲೆ ಚಚ್ಚಿಕೊಂಡಳು. ಅಮ್ಮ ಅಂಗಿಗಳಿಗೆ ಹೊಲಿಯಲೆಂದು ಇಟ್ಟುಕೊಂಡಿದ್ದ ಗುಂಡಿಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ ಅರ್ಧ ಗಂಟೆಯಾಗಿತ್ತು. ತಂಗಿ ಮೊದಲನೆಯ ಗುಂಡಿ ಮುಟ್ಟಿ ಒಂದು ಅನ್ನುತ್ತಿದ್ದಳು, ಎರಡನೆಯದನ್ನು ಮುಟ್ಟಿ ಎರಡು ಅನ್ನುತ್ತಿದ್ದಳು, ಮೂರನೆಯದಕ್ಕೆ ಬಂದೊಡನೆ ಏಳು ಎಂದು ಜೋರಾಗಿ ಹೇಳಿ ಅಕ್ಕನ ಮುಖ ನೋಡುತ್ತಿದ್ದಳು. ಆರು ವರ್ಷದ ಹುಡುಗಿ, ದಡ್ಡಿಯೇನಲ್ಲ. ಹಠಕ್ಕೆ ಬಿದ್ದರೆ ಮಾತ್ರ ಯಾರಪ್ಪನ ಮಾತೂ ಕೇಳುವವಳಲ್ಲ.

ತಪ್ಪು ಅವಳದೂ ಅಲ್ಲ. ಎರಡು ವರ್ಷದಿಂದ ಆ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಹಾಗೆ. ಮೆಟ್ಟಿಲಿನಿಂದ ಉರುಳಿ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಅಮ್ಮನನ್ನು ಮಂಚದಿಂದ ಗಾಲಿಕುರ್ಚಿಗೆ ದಾಟಿಸಬೇಕು. ದೊಡ್ಡವಳು ಹಿಂದಿನಿಂದ ಕಂಕುಳಿಗೆ ಕೈ ಕೊಡುತ್ತಾಳೆ, ಚಿಕ್ಕವಳು ಎರಡೂ ಕಾಲುಗಳನ್ನು ತಬ್ಬಿ ಹಿಡಿಯುತ್ತಾಳೆ, ಅಮ್ಮ ಮಂಚಕ್ಕೆ ಅಂಗೈ ಊರುತ್ತಾಳೆ. “ಒಂದು, ಎರಡು, ಏಳು.” ಏಳು ಅಂದರೆ ಎದ್ದೇಳು ಅಂತ. ಆಸ್ಪತ್ರೆಯಿಂದ ಬಂದ ಮೊದಲ ವಾರ ಮಕ್ಕಳ ಅಳು ನಿಲ್ಲಿಸಲು ಅಮ್ಮನೇ ತಮಾಷೆಗೆ ಹುಟ್ಟಿಸಿದ ಲೆಕ್ಕ ಅದು.

ಈಗ ಆ ಲೆಕ್ಕ ಶಾಲೆಗೂ ಹೋಗಿತ್ತು. ಒಂದನೇ ಕ್ಲಾಸಿನ ಟೀಚರು ದೊಡ್ಡವಳನ್ನು ಕರೆದು, “ನಮ್ಮನೇಲಿ ಎರಡಾದ್ಮೇಲೆ ಏಳೇ ಬರೋದು ಅಂತಾಳಲ್ಲ ನಿನ್ನ ತಂಗಿ, ಏನಮ್ಮ ನಿಮ್ಮನೆ ಕಥೆ?” ಎಂದು ಕೇಳಿದ್ದರು. ಟೀಚರಿಗೆ ನಗು, ಇವಳಿಗೆ ದಿಗಿಲು. ಅಪ್ಪ ಲಾರಿ ಹತ್ತಿದರೆ ನಾಲ್ಕು ದಿನ ಮನೆಗಿಲ್ಲ. ಹೋದ ತಿಂಗಳು ಅತ್ತೆ ಬಂದಾಗ ಅಮ್ಮನ ಹತ್ತಿರ ಹೇಳಿದ್ದನ್ನು ಅವಳು ಪಾತ್ರೆ ತೊಳೆಯುತ್ತ ಕೇಳಿಸಿಕೊಂಡಿದ್ದಳು. “ಎಳೇ ಮಕ್ಕಳ ಕೈಲಿ ಇದನ್ನೆಲ್ಲ ಮಾಡಿಸ್ತಿದೀಯ ಅಂತ ಸ್ಕೂಲಿನೋರಿಗೆ ಗೊತ್ತಾಗ್ಲಿ, ಇವರನ್ನ ಹಾಸ್ಟೆಲಿಗೆ ಹಾಕ್ತಾರೆ, ನಿನ್ನನ್ನ ಯಾವ್ದೋ ಆಶ್ರಮಕ್ಕೆ.” ಅಂದಿನಿಂದ ದೊಡ್ಡವಳು ತನ್ನ ಬಾಯಿಗೂ ತಂಗಿಯ ಬಾಯಿಗೂ ಬೀಗ ಜಡಿದಿದ್ದಳು. ಹದಿಮೂರು ವರ್ಷದವಳಿಗೆ ಅದು ಸಣ್ಣ ಭಾರವಲ್ಲ.

ಬೈದದ್ದಾಯಿತು, ಮುದ್ದು ಮಾಡಿದ್ದಾಯಿತು. ಕೊನೆಗೆ ತಂಗಿಯ ಕಿವಿಯ ಹತ್ತಿರ ಬಾಗಿ, “ಇನ್ಮೇಲೆ ಎರಡಾದ್ಮೇಲೆ ಏಳು ಅಂದ್ರೆ ಅಮ್ಮನ್ನ ಕರ್ಕೊಂಡ್ ಹೋಗ್ಬಿಡ್ತಾರೆ” ಎಂದಳು. ಚಿಕ್ಕವಳು ಕಣ್ಣರಳಿಸಿ ನೋಡಿದಳು. ಮೂರನೆಯ ಗುಂಡಿ ಮುಟ್ಟಿ ಮೂರು ಎಂದಳು. ನಿದ್ದೆ ಬರುವ ತನಕ ಅದನ್ನೇ ಗೊಣಗುತ್ತಿದ್ದಳು.

ಬೆಳಿಗ್ಗೆ ದೊಡ್ಡವಳು ಕುರ್ಚಿಯ ಬ್ರೇಕು ಹಾಕಿದಳು, ಅಮ್ಮನ ಹಿಂದೆ ಮಂಡಿಯೂರಿ, “ಒಂದು, ಎರಡು, ಏಳು” ಎಂದು ಎತ್ತಿದಳು. ಚಿಕ್ಕವಳು ಎತ್ತಲಿಲ್ಲ. ಕಾಲು ಹಿಡಿದುಕೊಂಡು ಮೂರಕ್ಕೆ ಕಾಯುತ್ತ ನಿಂತಿದ್ದಳು. ಅಮ್ಮನ ಮೈ ಒಂದು ಕಡೆಗೆ ಹೊರಳಿ, ಮಂಚಕ್ಕೂ ಕುರ್ಚಿಗೂ ನಡುವೆ ನೆಲಕ್ಕೆ ಜಾರಿತು. ಮೊಣಕೈ ತರಚಿ ರಕ್ತ ಬಂತು.

“ಏಳು ಅಂದ್ರೆ ಅಮ್ಮನ್ನ ಕರ್ಕೊಂಡ್ ಹೋಗ್ತಾರೆ ಅಂತ ನೀನೇ ಹೇಳಿದ್ಯಲ್ಲಕ್ಕ” ಎಂದು ಚಿಕ್ಕವಳು ಗೋಳೋ ಎಂದು ಅಳತೊಡಗಿದಳು.

ಅಮ್ಮ ದೊಡ್ಡವಳ ಕಡೆ ನೋಡಿದಳು. ಅವಳು ನೋಡಲಿಲ್ಲ, ಮತ್ತೆ ಕಂಕುಳಿಗೆ ಕೈ ಕೊಟ್ಟಳು. ನೆಲದಿಂದ ಎತ್ತುವುದು ಅವರಿಬ್ಬರ ಕೈಲಾಗುವ ಮಾತಲ್ಲ. ಎರಡು ಸಲ ಎತ್ತಿ ಎರಡು ಸಲವೂ ಕೂತುಬಿಟ್ಟರು.

“ಎದುರುಮನೆ ಮಾಮನ್ನ ಕರಿ” ಎಂದಳು ಅಮ್ಮ.

“ಬೇಡಮ್ಮ. ಎಲ್ರಿಗೂ ಗೊತ್ತಾಗ್ಬಿಡತ್ತೆ. ಅವತ್ತು ಅತ್ತೆ ಹೇಳಿದ್ದು ನಾನು ಕೇಳಿಸ್ಕೊಂಡೆ.”

“ಅತ್ತೆ ಹೇಳಿದ್ದು ನೀನು ಕೇಳಿಸ್ಕೊಂಡೆ. ನಾನು ಹೇಳಿದ್ದು?”

“ನೀನೇನೂ ಹೇಳ್ಲಿಲ್ವಲ್ಲ.”

ನಿಜ, ಹೇಳಿರಲಿಲ್ಲ. ಅಮ್ಮ ಮೊಣಕೈಯ ರಕ್ತವನ್ನು ಸೆರಗಿನಿಂದ ಒರೆಸಿಕೊಂಡಳು. “ಈಗ ಹೇಳ್ತಿದೀನಿ” ಎಂದಳು. “ಹೋಗಿ ಕರಿ.”

ಎದುರುಮನೆಯವರು ಬೀಗ ರಿಪೇರಿ ಮಾಡುವವರು. ಊರಿನವರ ಬಾಗಿಲನ್ನೆಲ್ಲ ತೆಗೆದುಕೊಡುವ ಮನುಷ್ಯ ಈ ಬಾಗಿಲೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಕ್ಷೌರ ಮಾಡಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ, ಅರ್ಧ ಮುಖದ ಸೋಪಿನ ನೊರೆಯಲ್ಲೇ ಓಡಿ ಬಂದರು. ನೆಲದ ಮೇಲಿದ್ದವಳನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಆಮೇಲೆ ದೊಡ್ಡವಳ ಕೈಗಳನ್ನು ನೋಡಿದರು.

“ದಿನಾ ನೀವಿಬ್ಬರೇನಾ ಎತ್ತೋದು?”

ದೊಡ್ಡವಳು ಏನಾದರೊಂದು ಸುಳ್ಳಿಗಾಗಿ ಹುಡುಕುತ್ತಿದ್ದಳು.

“ಹೂಂ, ಇವರಿಬ್ಬರೇ” ಎಂದಳು ಅಮ್ಮ.

ಮಾಮ ಬಗ್ಗಿ ಅಮ್ಮನ ಬೆನ್ನ ಕೆಳಗೆ ಒಂದು ತೋಳು ತೂರಿಸಿದರು. ದೊಡ್ಡವಳು ಹಿಂದೆ ಕೂತಳು, ಚಿಕ್ಕವಳು ಮೂಗೊರೆಸಿಕೊಂಡು ಕಾಲು ಹಿಡಿದಳು.

“ಎಷ್ಟಕ್ಕೆ ಎತ್ತೋದು? ಮೂರಕ್ಕಾ?”

ಚಿಕ್ಕವಳು ಹೆದರುತ್ತ ಅಕ್ಕನ ಮುಖ ನೋಡಿದಳು. ಅಕ್ಕ ಹೇಳು ಎನ್ನುವಂತೆ ತಲೆಯಾಡಿಸಿದಳು.

“ಏಳಕ್ಕೆ” ಎಂದಳು ಚಿಕ್ಕವಳು.

ಮಾಮ ಹುಬ್ಬೇರಿಸಿದರು. ಆಗಲಿ ಎನ್ನುವಂತೆ ನೆಲಕ್ಕೆ ಮಂಡಿಯೂರಿ ಎಣಿಸತೊಡಗಿದರು. “ಒಂದು. ಎರಡು.”

ದೊಡ್ಡವಳ ತೋಳು ಅಭ್ಯಾಸಬಲದಿಂದ ಬಿಗಿಯಾಯಿತು.

“ಮೂರು” ಎಂದರು ಮಾಮ. ಯಾರೂ ತಿದ್ದಲಿಲ್ಲ. “ನಾಲ್ಕು.” ಅವರ ಗಲ್ಲದಿಂದ ನೊರೆಯ ಹನಿಯೊಂದು ನೆಲಕ್ಕೆ ಬಿತ್ತು. “ಐದು.” ಚಿಕ್ಕವಳು ಕಾಲುಗಳನ್ನು ಎದೆಗೆ ಒತ್ತಿಕೊಂಡು ಮಾಮನ ತುಟಿಯನ್ನೇ ನೋಡುತ್ತಿದ್ದಳು. ಅಮ್ಮನ ತಲೆ ಹಿಂದಕ್ಕೆ ಬಾಗಿ ದೊಡ್ಡವಳ ಭುಜಕ್ಕೆ ಒರಗಿತು.

“ಆರು.”